ಅಲ್ಲಾಡಿದ ಬೆಳಕು

ಆ ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ನಾನು ಕೂತಲ್ಲಿ ಕೂತವಳಲ್ಲ. ಚೀಲ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಅವ್ವ ಚಹಾ ತಂದಳು, ಅರ್ಧ ಲೋಟ.

“ಹಾಲು ಕಡಿಮಿ ಬಿತ್ತೇನವ್ವ? ವಾರ ಆತು, ಬರೀ ಅರ್ಧ ಕೊಡಾಕತ್ತಿ,” ಎಂದು ಕಿಚಾಯಿಸಿದೆ. ಅವಳು ನಕ್ಕು ಒಳಗೆ ಹೋದಳು.

ಹುಮನಾಬಾದಿಗೆ ಹೋಗಿ ಬೆಂಗಳೂರಿನ ರೈಲು ಹಿಡಿಯಬೇಕಿತ್ತು. ಅದೇ ಸಂಜೆ ನನ್ನ ಮಾರ್ಗದರ್ಶಕರು ನನ್ನ ಮೊದಲ ಸಂಶೋಧನಾ ಲೇಖನವನ್ನು ಪ್ರಕಟಣೆಗೆ ಕಳಿಸುವವರಿದ್ದರು. ದೂರದ ಗೆಲಾಕ್ಸಿಯೊಂದರ ನಡುವೆ ಲಕ್ಷಾಂತರ ಸೂರ್ಯರ ತೂಕದ ಕಪ್ಪುರಂಧ್ರವಿದೆ. ಅದು ಎಳೆದುಕೊಳ್ಳುವ ಅನಿಲ ಒಳಗೆ ಬೀಳುವ ಮುನ್ನ ಕಾದು ಎಕ್ಸ್-ರೇ ಚೆಲ್ಲುತ್ತದೆ. ಹಳೆಯ ಉಪಗ್ರಹದ ದೂರದರ್ಶಕವೊಂದು ಹಿಡಿದಿಟ್ಟ ಆ ಬೆಳಕನ್ನು ಮೂರು ವರ್ಷ ಕೆದಕಿ, ಅದು ಗಡಿಯಾರದ ಹಾಗೆ ತಪ್ಪದೆ ಏರಿಳಿಯುವುದನ್ನು ಕಂಡಿದ್ದೆ. ಕಂಡ ದಿನ ಕುಣಿದುಬಿಟ್ಟಿದ್ದೆ. ಆಮೇಲೆ ಏನೋ ಚುಚ್ಚತೊಡಗಿತು. ಇಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ನನ್ನದು ಹಾಳು ಅನುಮಾನದ ಬುದ್ಧಿ ಎಂದು ಬೈದುಕೊಂಡು ಸುಮ್ಮನಾಗಿದ್ದೆ.

ಅವ್ವ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಳು.

“ಪೂಜಿ ಮುಗಿಯೂತನಕ ಕೂಡು. ಯಾಕ ಇಷ್ಟು ಗಡಬಡ ಮಾಡಾಕತ್ತಿ?”

“ಗಾಡಿ ತಪ್ಪತದ ಅವ್ವ.”

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸತೊಡಗಿದರೆ ಅವಳು ಮಾತಾಡುವುದಿಲ್ಲ. ಕಪ್ಪು ಲಿಂಗದ ಮೇಲೆ ದೀಪದ ಬೆಳಕಿನ ಒಂದು ಚುಕ್ಕೆ ಅಲ್ಲಾಡುತ್ತಿತ್ತು. ಚಿಕ್ಕಂದಿನಲ್ಲಿ, ನನಗೆ ದೀಕ್ಷೆಯಾದ ಹೊಸತರಲ್ಲಿ, “ಅವ್ವ, ಲಿಂಗ ಅಲ್ಲಾಡಾಕತ್ತದ!” ಎಂದು ಕೂಗಿದ್ದೆ. “ಲಿಂಗ ಹ್ಯಾಂಗ ಅಲ್ಲಾಡತದ? ನಿನ್ನ ಕೈ ಅದು. ನೆಟ್ಟಗ ಹಿಡಿ,” ಎಂದು ತಲೆಗೆ ಮೊಟಕಿದ್ದಳು.

ಅದು ನೆನಪಾದದ್ದೇ ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. ನನ್ನ ದೂರದರ್ಶಕವೂ ನೆಟ್ಟಗೆ ನಿಂತಿರಲಿಲ್ಲ. ಅದರೊಳಗಿನ ಸಣ್ಣ ತಂತಿಗಳ ಹಿಂದೆ ಗೆಲಾಕ್ಸಿ ಪೂರ್ತಿ ಮರೆಯಾಗದಿರಲೆಂದು ಅದನ್ನು ಬೇಕೆಂದೇ ಮೆಲ್ಲಗೆ ಓಲಾಡಿಸುತ್ತಿದ್ದರು. ಆ ಓಲಾಟವನ್ನು ಕಂಪ್ಯೂಟರು ಲೆಕ್ಕದಿಂದ ತೆಗೆದಿರುತ್ತದೆಂದು ನಂಬಿದ್ದೆನೇ ಹೊರತು ನಾನೇ ಪರೀಕ್ಷಿಸಿರಲಿಲ್ಲ. ಹೊಸಬರಿಗೆ ಮೊದಲು ಕಲಿಸುವ ಪಾಠ ಅದು. ಇನ್ನು ತಾಳಲಾಗಲಿಲ್ಲ. ಪೂಜೆಯ ನಡುವೆಯೇ ಅವ್ವನ ಕಾಲು ಮುಟ್ಟಿ ಹೊರಬಿದ್ದೆ.

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದೆ. ಪಕ್ಕದಲ್ಲಿ ಕೂತಿದ್ದ ದುಬಲಗುಂಡಿಯ ಹೆಂಗಸು ನನ್ನ ಮುಖ ನೋಡಿ, “ಮನ್ಯಾಗ ಯಾರಿಗರ ಆರಾಮ ಇಲ್ಲೇನ್ರಿ?” ಎಂದಳು.

“ಎಲ್ಲಾರೂ ಆರಾಮ ಅದಾರ್ರಿ,” ಎಂದು ಮತ್ತೆ ಪರದೆಗೆ ಕಣ್ಣು ನೆಟ್ಟೆ.

ಅದೇ ಚಿತ್ರದ ಮೂಲೆಯಲ್ಲಿ ಒಂದು ನಕ್ಷತ್ರವಿತ್ತು. ಗೆಲಾಕ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದರ ಬೆಳಕನ್ನು ಅಳೆದೆ. ಅದೂ ಏರಿ ಇಳಿಯುತ್ತಿತ್ತು, ಅದೇ ತಾಳಕ್ಕೆ. ಮೂರು ವರ್ಷ ನೀರಿನಲ್ಲಿ ಹೋಮವಾಗಿತ್ತು. ಅತ್ತುಬಿಡುತ್ತೇನೆ ಅನ್ನಿಸಿತು.

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಮಾರ್ಗದರ್ಶಕರಿಗೆ ಫೋನು ಮಾಡಿದೆ. “ಸರ್, ಕಳಿಸಬೇಡಿ. ಗೆಲಾಕ್ಸಿಯದ್ದೇನೂ ಇಲ್ಲ, ಎಲ್ಲ ದೂರದರ್ಶಕದ್ದೇ ಓಲಾಟ.”

“ಕಳಿಸುವ ಮೊದಲೇ ಹೇಳಿದೆಯಲ್ಲ, ಒಳ್ಳೆಯದಾಯಿತು. ಹೇಗೆ ಹೊಳೆಯಿತು?”

“ಅವ್ವ ಪೂಜೆಗೆ ಕೂತಿದ್ದಳು ಸರ್. ಅವಳ ಕೈ ನಡುಗುತ್ತಿತ್ತು, ಅದಕ್ಕೆ ಲಿಂಗದ ಮೇಲಿನ ಬೆಳಕು...”

ಮಾತು ಅಲ್ಲಿಗೇ ನಿಂತಿತು. ನೆಟ್ಟಗೆ ಹಿಡಿ ಎಂದು ನನಗೆ ಕಲಿಸಿದ ಕೈ ಅದು. ನನಗೆ ನೆನಪಿರುವ ಮಟ್ಟಿಗೆ ಎಂದೂ ನಡುಗಿದ್ದಿಲ್ಲ. ವಾರವೆಲ್ಲ ಅವಳು ಅರ್ಧ ಲೋಟ ಚಹಾ ತಂದದ್ದು ಯಾಕೆಂದು ಆಗ ತಿಳಿಯಿತು. ತುಂಬಿದ್ದರೆ ಚೆಲ್ಲುತ್ತಿತ್ತು.

ಬಸವಕಲ್ಯಾಣದ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದೆ.