ಬಂಜಿ ಎಂಬ ಮಾತು

ಆ ಮಧ್ಯಾಹ್ನ ಪರೇಲಿನ ನಮ್ಮ ಚಾಳಿನ ಗ್ಯಾಲರಿಯಲ್ಲಿ ಇದ್ದವರು ನಾವು ನಾಲ್ಕೇ ಜನ. ನಾನು, ನನ್ನ ತೊಡೆಯ ಮೇಲೆ ವರ್ಷ ತುಂಬಿದ ಮಗ, ಕಂಬಿಗೆ ಜೋತುಬಿದ್ದು ಕೆಳಗಿನ ಅಂಗಳ ನೋಡುತ್ತಿದ್ದ ಮಗಳು, ಮೊರದಲ್ಲಿ ಹುರುಳಿ ಆರಿಸುತ್ತ ಕೂತ ಪಕ್ಕದ ಖೋಲಿಯ ಅಕ್ಕ. ಗಂಡಸರು ಗಿರಣಿಗೆ, ಆಫೀಸಿಗೆ ಹೋಗಿದ್ದರು. ಉಳಿದ ಹೆಂಗಸರು ಒಳಗೆ ಅಡ್ಡಾಗಿದ್ದರು.

ಅಕ್ಕ ಉಡುಪಿ ಕಡೆಯವರು. ಗಂಡ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವರು. ಅವರ ಮಕ್ಕಳು ದೊಡ್ಡವರಾಗಿ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದರು. ನಾನು ಧಾರವಾಡದ ಕಡೆಯಿಂದ ಬಂದವಳು. ಚಾಳಿನ ತುಂಬ ಮರಾಠಿ. ಆ ಮಹಡಿಯಲ್ಲಿ ಕನ್ನಡವೆಂದರೆ ನಾವು ಎರಡು ಮನೆಯಷ್ಟೇ. ಅವರ ಕನ್ನಡ ನನಗೆ ಶಾಲೆಯ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು. ನನ್ನ ಕನ್ನಡ ಅವರಿಗೆ ಜಗಳಕ್ಕೆ ಬಂದ ಹಾಗೆ ಕೇಳುತ್ತಿತ್ತಂತೆ. ಆದರೂ ನನ್ನ ಜೋಳದ ರೊಟ್ಟಿ ಅವರ ಮನೆಗೆ, ಅವರ ಪತ್ರೊಡೆ ನಮ್ಮ ಮನೆಗೆ ಹೋಗಿಬಂದು ಮಾಡುತ್ತಿದ್ದವು. ಅವರದೊಂದು ಹಿತ್ತಾಳೆಯ ಬಟ್ಟಲಿತ್ತು, ಅಂಚು ಸ್ವಲ್ಪ ನೆಗ್ಗಿದ್ದು. ಅದು ಯಾರ ಮನೆಯಲ್ಲಿ ಹೆಚ್ಚು ಹೊತ್ತು ಇರುತ್ತಿತ್ತೆಂದು ಹೇಳುವುದು ಕಷ್ಟ. ಬಟ್ಟಲನ್ನು ಬರಿದಾಗಿ ಹಿಂದೆ ಕೊಡಬಾರದೆಂಬುದು ಅವರ ಕಡೆಯೂ ಇತ್ತು, ನಮ್ಮ ಕಡೆಯೂ ಇತ್ತು.

ನನ್ನವರ ಆಫೀಸನ್ನು ಅಂಧೇರಿಗೆ ಸಾಗಿಸಿದ್ದರು. ದಾದರಿನಲ್ಲಿ ಗಾಡಿ ಬದಲಿಸಿ ಹೋಗಬೇಕು. ಬೆಳಗ್ಗೆ ಮಕ್ಕಳು ಏಳುವ ಮೊದಲು ಹೋದವರು ಮಕ್ಕಳು ಮಲಗಿದ ಮೇಲೆ ಬರುತ್ತಿದ್ದರು. ಹೀಗಾಗಿ ಹಗಲೆಲ್ಲ ನನ್ನ ಬಾಯಿಂದ ಹೊರಡುವ ದೊಡ್ಡವರ ಮಾತೆಂದರೆ ಅಕ್ಕನ ಜೊತೆ ಆಡಿದ್ದೇ. ತಿಂಗಳಿಗೊಮ್ಮೆ ನಾನು ಹೊರಗೆ ಕೂತಾಗ ನಳದಿಂದ ನೀರು ತಂದು ತುಂಬುತ್ತಿದ್ದವರೂ ಅವರೇ. ಒಂದೇ ಖೋಲಿ, ಹೊರಗೆ ಕೂರುವುದೆಂದರೆ ಹೊಸ್ತಿಲಾಚೆ ಗ್ಯಾಲರಿಯಲ್ಲಿ ಚಾಪೆ ಹಾಸಿಕೊಳ್ಳುವುದು. ಇಡೀ ಚಾಳಿಗೇ ಕಾಣುವ ಗುಟ್ಟು ಅದು.

ಆ ಮಧ್ಯಾಹ್ನ ಮಗನನ್ನು ಸೆರಗಿನೊಳಗೆ ಎಳೆದುಕೊಂಡೆ. ಒಂದು ಗುಟುಕು ಎಳೆದವನು ಮುಖ ಸಿಂಡರಿಸಿ ತಿರುಗಿದ. ಮತ್ತೆ ಹಚ್ಚಿದೆ. ಮತ್ತೆ ತಿರುಗಿದ, ಬೇವಿನ ರಸ ಕುಡಿಸಿದ ಹಾಗೆ ಅತ್ತ.

ಅಕ್ಕ ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನಕ್ಕರು.

“ಎಷ್ಟು ದಿನದಿಂದ ಹೀಗೆ?”

“ನಿನ್ನೆ ಮೊನ್ನೆಯಿಂದ ಅಕ್ಕಾರ. ಹಲ್ಲು ಬರಾಕತ್ತಾವೇನೋ.”

“ಹಲ್ಲೂ ಅಲ್ಲ, ಎಂತದ್ದೂ ಅಲ್ಲ. ಎರಡು ತಿಂಗಳಾಯ್ತು, ನೀರಿಗೆ ನನ್ನನ್ನು ಕರೀಲೇ ಇಲ್ಲ ನೀವು. ನಾನು ನೋಡ್ತಾ ಇದ್ದೇನೆ. ಬಂಜಿ ಆಗಿದ್ದೀರಿ ಮಾರಾಯ್ತಿ ನೀವು!”

ನನ್ನ ಕಿವಿಯಲ್ಲಿ ಕಾದ ಎಣ್ಣೆ ಬಿದ್ದಂತಾಯಿತು.

ಪುಸ್ತಕದ ಕನ್ನಡದಲ್ಲಿ ಬಂಜೆ ಎಂದು ಬರೆಯುತ್ತಾರೆ. ನಮ್ಮ ಕಡೆ ಮನೆ ‘ಮನಿ’ ಆಗುವ ಹಾಗೆ ಅದೂ ‘ಬಂಜಿ’ ಆಗುತ್ತದೆ. ಮದುವೆಯಾದ ಮೇಲೆ ಬಹಳ ವರ್ಷ ನನಗೆ ಮಕ್ಕಳಾಗಲಿಲ್ಲ. ಅತ್ತೆಯವರು ನನ್ನ ಹೆಸರು ಹಿಡಿದು ಕರೆದದ್ದಕ್ಕಿಂತ ಈ ಹೆಸರಿನಿಂದ ಕರೆದದ್ದೇ ಹೆಚ್ಚು. “ಬಂಜಿ ಮುಂದ ಬಂದ್ಲು, ತೊಟ್ಲದ ಹತ್ರ ಬಿಡಬ್ಯಾಡ್ರಿ” ಎಂದು ನಾದಿನಿಯ ಮಗುವಿನ ತೊಟ್ಟಿಲ ಶಾಸ್ತ್ರದಲ್ಲಿ ಎಲ್ಲರೆದುರು ಅಂದಿದ್ದರು. ಮಗಳು ಹುಟ್ಟಿದ ದಿನ, ಇನ್ನು ಆ ಮಾತು ಭೂಮಿಯ ಮೇಲೆ ನನ್ನ ಪಾಲಿಗೆ ಇಲ್ಲ ಎಂದುಕೊಂಡಿದ್ದೆ. ಈಗ ಹಾಲು ಕೆಟ್ಟಿತು, ತಿಂಗಳ ನೀರು ನಿಂತಿತು, ಬತ್ತಿದ ಬಾವಿ ನೀನು ಎಂದು ಈ ಹೆಂಗಸು ನಗುತ್ತ ಹೇಳುತ್ತಿದ್ದಾಳೆ!

“ಯಾರಿಗಂತೀರಿ ಬಂಜಿ ಅಂತ?” ಎಂದೆ.

“ನಿಮಗೇ! ಮತ್ತೆ ನನಗಾ? ಈ ವಯಸ್ಸಲ್ಲಿ ನಾನು ಬಂಜಿ ಆದ್ರೆ ಹೋಟೆಲಿನವರೆಲ್ಲ ನಗಾಡಿಯಾರು” ಎಂದು ಅಕ್ಕ ಇನ್ನೂ ಜೋರಾಗಿ ನಕ್ಕರು. “ನಾಚಿಕೆ ಎಂತ ಮಾರಾಯ್ತಿ? ಯಜಮಾನರಿಗೆ ಹೇಳಿದ್ದೀರಾ, ಇಲ್ಲವಾ?”

“ಅವರಿಗೆ ಹೇಳೂದು ಬಿಡೂದು ನಾ ನೋಡ್ಕೋತೀನಿ. ನೀವು ನಿಮ್ಮ ಹುರುಳಿ ನೋಡ್ಕೋರಿ.”

ಮಗನನ್ನು ಎತ್ತಿಕೊಂಡು, ಮಗಳ ರಟ್ಟೆ ಹಿಡಿದು ಒಳಗೆ ಬಂದು ಬಾಗಿಲು ಹಾಕಿದೆ. ಹಗಲು ಹೊತ್ತು ಚಾಳಿನಲ್ಲಿ ಬಾಗಿಲು ಹಾಕುವುದೆಂದರೆ ಡಂಗುರ ಸಾರಿದಷ್ಟೇ. ಸಂಜೆ ನಳದ ಹತ್ತಿರ ಎಲ್ಲರೂ ನನ್ನ ಮುಖ ನೋಡಿದರು.

ಆ ದಿನಗಳಲ್ಲಿ ಮುಂಬಯಿ ಯಾರದೆಂದು ಊರೆಲ್ಲ ಭಾಷೆಯ ಗಲಾಟೆ ನಡೆದಿತ್ತು. ನಮ್ಮ ಗ್ಯಾಲರಿಯಲ್ಲೂ ಒಂದು ಭಾಷೆಯ ಗಲಾಟೆಯೇ ನಡೆದಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಅಕ್ಕ ಒಂದೆರಡು ಸಲ ಬಾಗಿಲಲ್ಲಿ ನಿಂತರು. ನಾನು ಸ್ಟೋವಿಗೆ ಪಂಪು ಹೊಡೆಯುತ್ತ ಕೂತೆ, ತಲೆ ಎತ್ತಲಿಲ್ಲ. ಆಮೇಲೆ ಅವರೂ ಬರಲಿಲ್ಲ. ಗೋಡೆಯಾಚೆ ಅವರು ಕಾಯಿ ಅರೆಯುವ ಸದ್ದು ಕೇಳುತ್ತಿತ್ತು. ಅವರಿಗೆ ನಾನು ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದಿರಬೇಕು. ಹಿತ್ತಾಳೆಯ ಬಟ್ಟಲು ನನ್ನ ಮನೆಯಲ್ಲೇ ಉಳಿದಿತ್ತು. ತುಂಬಿಸಿ ಕೊಡಲು ಮನಸ್ಸು ಒಪ್ಪದು, ಬರಿದು ಕೊಡಲು ಕೈ ಒಪ್ಪದು. ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿಟ್ಟೆ. ಮಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಆ ಮನೆಗೆ ಹೋಗಿ ಬರುತ್ತಿದ್ದಳು. ತಡೆಯಲಿಲ್ಲ. ನನಗೆ ಒಂದಿಷ್ಟು ಹೊತ್ತು ಮಲಗಬೇಕೆನ್ನಿಸುತ್ತಿತ್ತು. ಯಾಕೆಂದು ಯೋಚಿಸಲೂ ಆಗದಷ್ಟು ಸುಸ್ತು.

ಮಗ ಹಾಲು ಮುಟ್ಟುತ್ತಲೇ ಇರಲಿಲ್ಲ. ಅಕ್ಕನ ದೃಷ್ಟಿಯೇ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದೆ. ಘಾಟು ಅವನಿಗಲ್ಲ, ನನಗೆ ಹತ್ತಿತು. ಮೋರಿಯ ಹತ್ತಿರ ಕೂತು ಕರುಳು ಕಿತ್ತು ಬರುವ ಹಾಗೆ ಕಾರಿದೆ. ಆಗಲೂ ತಿಳಿಯಲಿಲ್ಲ ನನಗೆ. ಕೂಸು ಮೊಲೆ ಕುಡಿಯುವ ತನಕ ಮತ್ತೊಂದು ನಿಲ್ಲುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತಿನ ಮೇಲೆ ನನಗೆ ಅಷ್ಟು ಭರವಸೆ.

ಕೊನೆಗೆ ಮಗನನ್ನು ದವಾಖಾನೆಗೆ ಒಯ್ದೆ. ಲೇಡಿ ಡಾಕ್ಟರು ಅವನ ನಾಲಿಗೆ ನೋಡಿದರು, ಹೊಟ್ಟೆ ತಟ್ಟಿ ನೋಡಿದರು. ಆಮೇಲೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಪರದೆಯ ಹಿಂದೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು.

“ಪೋರಾಲಾ ಕಾಹೀ ನಾಹೀ,” ಎಂದರು. ಹುಡುಗನಿಗೇನೂ ಆಗಿಲ್ಲ. “ತುಮ್ಹಾಲಾ ದಿವಸ್ ಗೇಲೇತ್, ಬಾಈ.”

ದಿವಸ ಹೋಗಿವೆ. ಮರಾಠಿಯವರು ಬಸಿರನ್ನು ಹೀಗೆ ಹೇಳುತ್ತಾರೆ. ನನಗೆ ಗೊತ್ತಿದ್ದ ಮಾತೇ. ಆದರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಯಾವ ದಿವಸ ಹೋದವು, ಎಲ್ಲಿಗೆ ಹೋದವು ಎಂದು ಮಂಕಾಗಿ ಯೋಚಿಸಿದೆ. ಎದುರಿಗೆ ಗಿರಣಿಯ ಭೋಂಗಾ ಕೂಗಿತು. ಪಾಳಿ ಬಿಟ್ಟ ಜನ ಎರಡೂ ಕಡೆಯಿಂದ ನನ್ನನ್ನು ದಾಟಿ ಹೋದರು. ಅಷ್ಟು ಜನರಲ್ಲಿ ಈ ಸುದ್ದಿ ಹೇಳಬಹುದಾದವರು ಒಬ್ಬರೂ ಇರಲಿಲ್ಲ.

ಮೊದಲಿನ ಎರಡೂ ಹೆರಿಗೆಗೆ ತವರಿಗೆ ಹೋಗಿದ್ದೆ. ಈಗ ಅವ್ವ ಇರಲಿಲ್ಲ, ಅವಳು ಹೋಗಿ ವರ್ಷವೂ ತುಂಬಿರಲಿಲ್ಲ. ಅಣ್ಣನ ಮನೆಯಲ್ಲಿ ಅವರಿಗೇ ಸಾಲದ ಜಾಗ. ಅತ್ತೆಯ ಮನೆಗೆ ಹೋಗುವ ಬದಲು ರೈಲಿನಲ್ಲೇ ಹೆರುತ್ತೇನೆ ಎಂದು ನನ್ನವರಿಗೆ ಹಿಂದಿನ ಬಸಿರಿನಲ್ಲೇ ಹೇಳಿದ್ದೆ. ನನ್ನ ಚಿಂತೆ ಹೆರುವುದರದ್ದಲ್ಲ. ನೋವು ಶುರುವಾದಾಗ ಈ ಎರಡನ್ನು ಯಾರ ಕೈಗೆ ಕೊಡಲಿ? ಕೇಳಬಹುದಾಗಿದ್ದ ಒಂದೇ ಬಾಗಿಲಿಗೆ ನಾನೇ ಬೆನ್ನು ಹಾಕಿದ್ದೆ.

ಭಾನುವಾರ ನನ್ನವರಿಗೆ ಹೇಳಿದೆ. ದಾಡಿ ಮಾಡಿಕೊಳ್ಳುತ್ತಿದ್ದವರು ಕನ್ನಡಿಯಲ್ಲೇ ನನ್ನನ್ನು ನೋಡಿದರು.

“ಹೌದೇನು?” ಎಂದರು. ಇನ್ನೊಂದು ಗಲ್ಲವನ್ನೂ ಮುಗಿಸಿ, “ಎಲ್ಲಾ ಬರೋಬ್ಬರಿ ಆಗ್ತದ ತಗೊ” ಎಂದರು. ಒಳ್ಳೆಯ ಮನುಷ್ಯ. ಆದರೆ ಹೇಗೆ ಬರೋಬ್ಬರಿ ಆಗುತ್ತದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಇಬ್ಬರಿಗೂ ಭಯವಾಗುತ್ತಿತ್ತು.

ಮುಂದೊಂದು ದಿನ ಮಗಳಿಗೆ ಅನ್ನ ಸಾರು ಕಲಸಿ ತಿನ್ನಿಸುತ್ತಿದ್ದೆ. ಇನ್ನೊಂದು ತುತ್ತು ಎಂದು ಕೈ ಮುಂದೆ ಮಾಡಿದರೆ ಅವಳು ತಟ್ಟೆ ದೂಡಿ, ಹೊಟ್ಟೆಯ ಮೇಲೆ ತಬಲಾ ಬಾರಿಸುತ್ತ, “ಸಾಕವ್ವಾ! ಬಂಜಿ ದಿಂಜಿಂಡ್!” ಎಂದಳು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಏನಂದಿ?”

“ಬಂಜಿ ತುಂಬೇತಿ.”

“ಬಂಜಿ ಅಂದ್ರ ಏನಽ?”

ಮಗಳು ನನ್ನನ್ನು ಕನಿಕರದಿಂದ ನೋಡಿದಳು. “ಬಂಜಿ ಅಂದ್ರ ಹೊಟ್ಟಿ. ನಿನಗ ಅಷ್ಟೂ ಗೊತ್ತಿಲ್ಲೇನು?”

ನಮ್ಮ ಕಡೆ ಬಸುರಿಯನ್ನು ‘ಹೊಟ್ಟೀಲೆ ಅದಾಳ’ ಎನ್ನುತ್ತೇವೆ. ಅಕ್ಕ ಹೇಳಿದ್ದು ಅದನ್ನೇ, ತಮ್ಮ ತುಳುವಿನಲ್ಲಿ. ದವಾಖಾನೆಯವರಿಗಿಂತ ಮೊದಲೇ, ನನಗಿಂತ ಮೊದಲೇ ಅವರಿಗೆ ತಿಳಿದಿತ್ತು. ಖುಷಿಪಟ್ಟು ನಕ್ಕಿದ್ದರು, ಅಷ್ಟೆ.

ಹಿಟ್ಟಿನ ಡಬ್ಬಿಯ ಹಿಂದಿನಿಂದ ಬಟ್ಟಲು ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಗುರೆಳ್ಳಿನ ಚಟ್ನಿಪುಡಿ ತುಂಬಿಸಿಕೊಂಡು ಹೋದೆ. ಅಕ್ಕ ಒಂದು ಟ್ರಂಕಿನ ಮುಂದೆ ಕೂತು ಸೀರೆ ಮಡಿಸುತ್ತಿದ್ದರು.

“ಬಟ್ಟಲಿಗೆ ದಾರಿ ತಪ್ಪಿತು ಅಂತ ಮಾಡಿದ್ದೆ” ಎಂದರು, ಸೀರೆಯ ಮೇಲಿನ ಕಣ್ಣು ತೆಗೆಯದೆ.

“ದಾರಿ ತಪ್ಪಿದಾಕಿ ನಾ ಅಕ್ಕಾರ. ನಮ್ಮ ಕಡೆ ಬಂಜಿ ಅಂದ್ರ ಮಕ್ಕಳಾಗದಾಕಿ.”

ಅವರ ಕೈ ನಿಂತಿತು.

“ಅಯ್ಯೋ ದೇವರೇ! ನಾನು ಅಂದ್ಕೊಂಡದ್ದು, ಮೂರು ತಿಂಗಳು ತುಂಬುವ ಮೊದಲೇ ಬಾಯಿ ಬಿಟ್ಟು ಹೇಳಿಬಿಟ್ಟೆ, ಅದಕ್ಕೆ ಸಿಟ್ಟು ಅಂತ. ದಿನಾ ದೇವರಿಗೆ ತಪ್ಪು ಕಾಣಿಕೆ ಹೇಳ್ತಾ ಇದ್ದೆ ಮಾರಾಯ್ತಿ! ನಾನು ನಿಮಗೆ ಬಂಜೆ ಅಂತ… ಎರಡು ಮಕ್ಕಳನ್ನು ಸೊಂಟದಲ್ಲಿ ಹೊತ್ತವಳಿಗೆ?”

“ಅದಽ ನನಗೂ ತಿಳೀಲಿಲ್ಲ ನೋಡ್ರಿ.”

ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು. ಅಕ್ಕ ಚಟ್ನಿಪುಡಿಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಸುಮ್ಮನೆ ನನ್ನ ಬೆನ್ನು ಸವರಿದರು. ಆಮೇಲಷ್ಟೇ ನಾನು ಟ್ರಂಕನ್ನು ಸರಿಯಾಗಿ ನೋಡಿದ್ದು. ಗೋಡೆಯ ದೇವರ ಪಟಗಳನ್ನೂ ಇಳಿಸಿದ್ದರು.

“ಜೋಗೇಶ್ವರಿಯಲ್ಲಿ ಹೋಟೆಲಿನ ಹಿಂದೆಯೇ ರೂಮು ಕೊಡ್ತಾರಂತೆ” ಎಂದರು. “ಈ ವಾರ ಹೋಗ್ಬೇಕು. ಹೇಳುವ ಅಂದ್ರೆ ನೀವು ಮುಖ ಎತ್ತಿಯೇ ನೋಡುದಿಲ್ಲ.”

ಅವರು ಇದ್ದ ಕೊನೆಯ ದಿನಗಳನ್ನೆಲ್ಲ ನಾನು ಬಾಗಿಲು ಹಾಕಿಕೊಂಡು ಕಳೆದಿದ್ದೆ.

“ಹೆರಿಗೆಗೆ ಯಾರು ಬರ್ತಾರೆ?” ಎಂದು ಅಕ್ಕ ಕೇಳಿದರು.

ಯಾರೂ ಇಲ್ಲವೆಂದು ತಲೆಯಾಡಿಸಿದೆ.

ಅಕ್ಕ ಇನ್ನೊಂದು ಸೀರೆ ಮಡಿಸಿದರು. “ಆ ಹೊತ್ತಿಗೆ ನನಗೆ ಬರ್ಲಿಕ್ಕೆ ಆಗುದಿಲ್ಲ. ಅಲ್ಲಿ ನಾನೇ ಅರೆಯಬೇಕು, ನಾನೇ ಬೇಯಿಸಬೇಕು. ಆದ್ರೆ ಮಕ್ಕಳನ್ನು ಕೊಡಿ. ನೋವು ಬರುವವರೆಗೆ ಕಾಯುದು ಬೇಡ, ಒಂಬತ್ತು ತಿಂಗಳು ತುಂಬಿದ ಕೂಡಲೇ ಕಳಿಸಿ. ಹೋಟೆಲಿನಲ್ಲಿ ಅಷ್ಟು ಜನ ಉಣ್ತಾರೆ, ಇವರಿಬ್ಬರು ಹೆಚ್ಚಾ?”

ಅವರು ಹೋದ ಮೇಲೆ ಆ ಖೋಲಿಗೆ ಗಿರಣಿಯ ಗಂಡಸರು ಬಂದರು. ಗೋಡೆಯಾಚೆ ಕಾಯಿ ಅರೆಯುವ ಸದ್ದು ನಿಂತಿತು. ತಿಂಗಳು ತುಂಬಿದಾಗ ನನ್ನವರು ಮಕ್ಕಳನ್ನು ಜೋಗೇಶ್ವರಿಗೆ ಬಿಟ್ಟು ಬಂದರು. ನಮ್ಮ ಖೋಲಿ ಅಷ್ಟು ದೊಡ್ಡದಿದೆಯೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಮಧ್ಯಾಹ್ನ ಒಬ್ಬಳೇ ಒಂದೇ ರೊಟ್ಟಿ ಬಡಿಯುತ್ತಿದ್ದೆ. ಒಣಹಾಕಲು ಪುಟ್ಟ ಬಟ್ಟೆಗಳಿಲ್ಲದ ಹಗ್ಗ ನೋಡುತ್ತಿದ್ದೆ. ಹೊಟ್ಟೆಯೊಳಗಿನದು ಒದ್ದಾಗ ಅದರ ಜೊತೆಗೇ ಮಾತಾಡುತ್ತಿದ್ದೆ, ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ. ನೋವು ಹಗಲಲ್ಲೇ ಬಂತು. ನಳದ ಹತ್ತಿರವಿದ್ದ ಒಬ್ಬ ಮರಾಠಿ ಮುದುಕಿ ಕುದುರೆಗಾಡಿ ಕರೆಸಿ ಆಸ್ಪತ್ರೆಯವರೆಗೆ ಬಂದಳು. ನನ್ನವರು ಅಂಧೇರಿಯಿಂದ ಬರುವಷ್ಟರಲ್ಲಿ ಹೆಣ್ಣುಮಗು ಹುಟ್ಟಿಯಾಗಿತ್ತು.

ನಾನು ಮನೆಗೆ ಬಂದ ಮೇಲೆ ಒಂದು ಸಂಜೆ ಅಕ್ಕ ಮಕ್ಕಳನ್ನು ಕರೆದುಕೊಂಡು ಬಂದರು. ಸೆರಗಿನಡಿ ಬಾಳೆಲೆ ಮುಚ್ಚಿದ ಅದೇ ಹಿತ್ತಾಳೆಯ ಬಟ್ಟಲು, ಬಾಣಂತಿಗೆಂದು ಮಾಡಿದ ಮೆಂತ್ಯದ ಲೇಹ್ಯ ಅದರಲ್ಲಿ. ಮಗಳು ತೊಟ್ಟಿಲಿಗೆ ಓಡಿದಳು. ಮಗ ಮಾತ್ರ ನನ್ನನ್ನು ಗುರುತಿಸದವನ ಹಾಗೆ ಅಕ್ಕನ ಸೀರೆ ಹಿಡಿದು ನಿಂತ. ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ ಬಂದು ನನ್ನ ಹೊಟ್ಟೆ ಮುಟ್ಟಿ ನೋಡಿದ.

“ಬಂಜಿ ಇಜ್ಜಿ” ಎಂದ. ಹೊಟ್ಟೆ ಇಲ್ಲ.

ಅಕ್ಕ ನಗಲು ಹೋಗಿ ನಗಲಿಲ್ಲ. ಗಾಡಿಗೆ ಹೊತ್ತಾಗುತ್ತದೆಂದು ಎದ್ದರು. ನಾನು ಬಟ್ಟಲನ್ನು ಬರಿದು ಮಾಡಿ ಅದಕ್ಕೊಂದು ತುಂಡು ಬೆಲ್ಲ ಹಾಕಿ ಕೊಟ್ಟೆ. ಮಗ ಗ್ಯಾಲರಿಯ ಕಂಬಿ ಹಿಡಿದು, ಅವರು ಅಂಗಳ ದಾಟಿ ಬೀದಿಗೆ ಇಳಿಯುವವರೆಗೂ ಅತ್ತ. ಆಮೇಲೆ ಒಳಗೆ ಬಂದು ನನ್ನ ಮಗ್ಗುಲಲ್ಲಿ ಮಲಗಿದ.