ಭೀಮವ್ವನ ಹಿಂದೆ ಹತ್ತು ಮೀಟರ್

ಸಿದ್ದಲಿಂಗಪ್ಪನವರು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೆಂಟು ವರ್ಷ ಬೆಲ್ಲದ ವ್ಯಾಪಾರ ಮಾಡಿದವರು. ಮಹಾಲಿಂಗಪುರದಿಂದ ಬೆಲ್ಲದ ಲಾರಿ ಬಂದಿತೆಂದರೆ ಹಮಾಲರಿಗಿಂತ ಮೊದಲು ಇವರೇ ಹೋಗಿ ಹಗ್ಗ ಬಿಚ್ಚಬೇಕು. ಧೋತರದ ಚುಂಗು ಎಡಗೈಯಲ್ಲಿ ಹಿಡಿದು, ಎಲ್ಲಿಗೋ ತಡವಾದವರಂತೆ ದಾಪುಗಾಲು. ಇಬ್ಬರೂ ಎಲ್ಲಿಗೆ ಹೊರಟರೂ ಹಿಂದೆ ಹೆಂಡತಿ ಭೀಮವ್ವ. ಮದುವೆಯಾಗಿ ನಲವತ್ಮೂರು ವರ್ಷ ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ. ಇದನ್ನು ಅವರಿಗೆ ಯಾರೂ ಕೂಡಿಸಿಕೊಂಡು ಹೇಳಿಕೊಟ್ಟಿರಲಿಲ್ಲ, ಅವರ ಅಪ್ಪ ಅವ್ವ ನಡೆದದ್ದೂ ಹಾಗೆಯೇ. ಪ್ರೀತಿ ಇರಲಿಲ್ಲ ಎನ್ನಬೇಡಿ. ಪ್ರತಿ ಚೌಕದಲ್ಲೂ ಒಮ್ಮೆ ಕತ್ತು ಹೊರಳಿಸಿ ಅವಳು ಬಂದಳೋ ಇಲ್ಲವೋ ನೋಡುತ್ತಿದ್ದರು. ಸೀರೆಯ ಬಣ್ಣ ಕಣ್ಣಿಗೆ ಬಿದ್ದರೆ ಸಾಕು, ಮತ್ತೆ ದಾಪುಗಾಲು.

ಕಳೆದ ದೀಪಾವಳಿಯ ಮರುವಾರ ಹಲ್ಲುಜ್ಜುವಾಗ ಬ್ರಶ್ಶು ಬಲಗೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಲಕ್ವಾ ಹೊಡೆದಿತ್ತು. ಆಸ್ಪತ್ರೆಯವರು ಜೀವ ಉಳಿಸಿದರು. ಹೋದ ಮಾತು ಮೂರು ವಾರಕ್ಕೆ ಮರಳಿತು, ಮರಳಿದ ಕೂಡಲೇ ಮಾಡಿದ ಮೊದಲ ಕೆಲಸ ಚಹಾಕ್ಕೆ ಬೆಲ್ಲ ಬಿಟ್ಟು ಸಕ್ಕರೆ ಹಾಕಿದ್ದಕ್ಕೆ ಮಗ ಮಾಂತುವನ್ನು ಬೈದದ್ದು. ಕೈಯೂ ಅಷ್ಟಿಷ್ಟು ದಾರಿಗೆ ಬಂತು. ಬಲಗಾಲು ಮಾತ್ರ ಹಟಕ್ಕೆ ಬಿದ್ದಿತು. ಹೆಜ್ಜೆ ಎತ್ತಿದರೆ ಪಾದದ ತುದಿ ಕೆಳಗೇ ಜೋತು ಬಿದ್ದು ನೆಲ ಕೆರೆಯುತ್ತಿತ್ತು. ಅವರ ಹಟವೇನು ಕಡಿಮೆಯೇ? ಯುಗಾದಿಯ ದಿನ ಅಂಗಡಿಗೆ ಹೋಗುತ್ತೇನೆ, ಹೋದರೆ ಏನನ್ನೂ ಹಿಡಿಯದೆ ನಡೆದೇ ಹೋಗುತ್ತೇನೆ, ವಾಕರ್ ಹಿಡಿದು ಯಾರ್ಡಿನವರ ಮುಂದೆ ನಿಲ್ಲುವುದಿಲ್ಲ ಎಂದು ಮನೆಯಲ್ಲಿ ಸಾರಿಬಿಟ್ಟರು.

ಸ್ವಾರಗೇಟದ ಹತ್ತಿರ, ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಫಿಜಿಯೋಥೆರಪಿ ಕೇಂದ್ರ. ಅಲ್ಲಿಯ ನೀತಾ ಎಂಬ ಮರಾಠಿ ಹುಡುಗಿಯ ಕೈಗೆ ಇವರು ಸಿಕ್ಕರು. ದನಿ ಮೆತ್ತಗೆ, ಮಾತು ಮಾತ್ರ ಕಲ್ಲಿನ ಗೆರೆ. ಧೋತರ ನಡೆಯುವುದಿಲ್ಲ ಎಂದು ಮಾಂತುವಿನ ಚಡ್ಡಿ ಹಾಕಿಸಿದಳು. ಆ ವೇಷದಲ್ಲಿ ಗಂಡನನ್ನು ಕಂಡ ಭೀಮವ್ವ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದ್ದಳು. ನೀತಾ ಅವರ ಕಾಲಿಗೆ ಎರಡು ಅಂಟುಬಿಲ್ಲೆ ಹಚ್ಚಿದಳು, ಮೊಣಕಾಲಿನ ಕೆಳಗೆ ಮುಂದೊಂದು, ಹಿಂದೆ ಮೀನಖಂಡಕ್ಕೊಂದು. ಸ್ನಾಯು ಕೆಲಸ ಮಾಡಿದಾಗ ಎದುರಿನ ಪರದೆಯ ಮೇಲೆ ಗೆರೆ ಏಳುತ್ತಿತ್ತು. ಸರಿಯಾದ ನಡಿಗೆಯಲ್ಲಿ ಎರಡೂ ಪಾಳಿ ಹಚ್ಚಿ ದುಡಿಯುತ್ತವೆ, ಮುಂದಿನದು ಪಾದ ಎತ್ತುವಾಗ ಹಿಂದಿನದು ಸುಮ್ಮನಿರಬೇಕು. ಇವರ ಕಾಲಲ್ಲಿ ಎರಡೂ ಒಮ್ಮೆಗೇ ಎದ್ದು ಒಂದನ್ನೊಂದು ಜಗ್ಗುತ್ತಿದ್ದವು. ಅದಕ್ಕೇ ಪಾದ ಏಳುತ್ತಿಲ್ಲ ಎಂದು ನೀತಾ ತೋರಿಸಿಕೊಟ್ಟಳು. ನೆಲದ ಮೇಲೆ ಮೀಟರಿಗೊಂದರಂತೆ ಹತ್ತು ಕೆಂಪು ಪಟ್ಟಿ ಅಂಟಿಸಿದ್ದರು. ಯುಗಾದಿಯೊಳಗೆ ಯಾರ ಕೈಯೂ ಹಿಡಿಯದೆ ಹತ್ತೂ ಪಟ್ಟಿ ದಾಟಿದರೆ ವಾಕರ್ ಬಿಡಿಸುತ್ತೇನೆ, ಇಲ್ಲವಾದರೆ ಅಂಗಡಿಯ ಮಾತೇ ಬೇಡ ಎಂದಳು.

ಎರಡು ತಿಂಗಳು ಬೆವರು ಸುರಿಸಿದರು. ಗೆರೆಗಳು ಬೇರೆಯಾಗತೊಡಗಿದವು, ಆದರೆ ಮೂರು ಹೆಜ್ಜೆಗೊಮ್ಮೆ ಮತ್ತೆ ಗಂಟು ಬಿದ್ದು ಪಾದ ನೆಲ ಕೆರೆಯುತ್ತಿತ್ತು. ಒಂದು ದಿನ ನೀತಾ ಪರದೆ ಬಿಟ್ಟು ಅವರ ಮುಖ ನೋಡಿದಳು. ಮೂರು ಹೆಜ್ಜೆಗೊಮ್ಮೆ ಇವರು ಕತ್ತು ಹೊರಳಿಸುತ್ತಿದ್ದರು, ಆಗ ಮೈಯೆಲ್ಲ ಬಿಗಿಯುತ್ತಿತ್ತು. ಹಿಂದೆ ಏನು ನೋಡುತ್ತೀರಿ ಕಾಕಾ ಎಂದು ಕೇಳಿದಳು. ಇವಳು ಬರುತ್ತಾಳೋ ಇಲ್ಲವೋ ಎಂದು ಸಿದ್ದಲಿಂಗಪ್ಪನವರು ಸಹಜವಾಗಿ ಹೇಳಿದರು. ಭೀಮವ್ವ ನಿಜಕ್ಕೂ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ಬರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಕಾಕೂ ಮುಂದೆ ನಡೆಯಲಿ ಎಂದಳು ನೀತಾ. ಭೀಮವ್ವ ಸುತರಾಂ ಒಪ್ಪಲಿಲ್ಲ. ಗಂಡನಿಗೆ ಬೆನ್ನು ತೋರಿಸಿ ನಡೆಯುವುದೆಂದರೇನು, ನೋಡಿದವರು ಏನಂದಾರು ಎಂದು ಅವಳ ತಕರಾರು. ಇಲ್ಲಿ ನೋಡುವವರು ಯಾರೂ ನಿಮ್ಮ ಊರಿನವರಲ್ಲ ಎಂದು ನೀತಾ ನಕ್ಕಳು. ಕೊನೆಗೆ ಸೆರಗು ತಲೆ ತುಂಬ ಹೊದ್ದು, ತಪ್ಪು ಮಾಡಿದವಳ ಹಾಗೆ, ಅವಳು ಮುಂದೆ ಹೊರಟಳು. ಸಿದ್ದಲಿಂಗಪ್ಪನವರಿಗೆ ತಿರುಗಿ ನೋಡುವ ಕೆಲಸವೇ ಉಳಿಯಲಿಲ್ಲ. ಅವಳ ನಿಧಾನಕ್ಕೆ ಅವರ ಕಾಲೂ ಹೊಂದಿಕೊಂಡಿತು. ನೆಲ ಕೆರೆಯುವ ಸದ್ದು ನಿಂತಿತು. ಅಂದು ನಾಲ್ಕು ಪಟ್ಟಿ, ವಾರದಲ್ಲಿ ಏಳು.

ಆದರೆ ಹೀಗೆ ನಡೆಯುವಾಗ ಅವರ ಕಣ್ಣಿಗೆ ಬೇರೇನೋ ಬೀಳತೊಡಗಿತು. ನಲವತ್ಮೂರು ವರ್ಷದಲ್ಲಿ ಹೆಂಡತಿ ನಡೆಯುವುದನ್ನು ಅವರು ನೋಡಿದ್ದೇ ಇಲ್ಲ. ತಿರುಗಿದಾಗ ಅವಳು ಅಲ್ಲಿ ಇರುತ್ತಿದ್ದಳು, ಅಷ್ಟೇ. ಎರಡು ತಿಂಗಳು ಹಗಲೆಲ್ಲ ಕಾಲಿನ ಮಾತೇ ಕೇಳಿ ಅವರ ಕಣ್ಣು ಪಳಗಿತ್ತು. ಅವಳ ಎಡಪಾದ ಹೊರಕ್ಕೆ ತಿರುಗಿ ಬೀಳುತ್ತಿತ್ತು. ಎಡ ಮೊಣಕಾಲು ಮಡಚುತ್ತಲೇ ಇರಲಿಲ್ಲ. ಪ್ರತಿ ಹೆಜ್ಜೆಗೂ ಸೊಂಟ ಎತ್ತಿ ಆ ಕಾಲನ್ನು ಎಳೆದುಕೊಳ್ಳುತ್ತಿದ್ದಳು. ಗಂಡನ ಮುಂದೆ ನಡೆಯುವ ಸಂಕೋಚವಿರಬೇಕು ಎಂದುಕೊಂಡು ಅವರು ಸುಮ್ಮನಾಗಿದ್ದರು.

ಯುಗಾದಿಗೆ ಎರಡು ದಿನ ಇರುವಾಗ ಪರೀಕ್ಷೆ. ಅಂದೇ ಲಿಫ್ಟ್ ಕೆಟ್ಟಿತ್ತು. ಮಾಂತು ಮತ್ತು ವಾಚ್‌ಮನ್ ಸೇರಿ ಇವರನ್ನು ಕುರ್ಚಿಯಲ್ಲಿ ಕೂಡಿಸಿ ಎರಡು ಮಹಡಿ ಹೊತ್ತು ತಂದರು. ಭೀಮವ್ವ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು, ಯಾರೂ ಅವಳ ಕಡೆ ನೋಡಲಿಲ್ಲ. ನೀತಾ ಬಿಲ್ಲೆ ಹಚ್ಚಿ, ಕಾಗದ ಹಿಡಿದು ನಿಂತಳು. ಭೀಮವ್ವ ಮುಂದೆ, ಇವರು ಹಿಂದೆ. ಮೂರು, ನಾಲ್ಕು, ಐದನೇ ಪಟ್ಟಿ. ಪಾದ ಸರಿಯಾಗಿ ಏಳುತ್ತಿತ್ತು, ಗೆರೆಗಳು ಪಾಳಿ ತಪ್ಪದೆ ಏಳುತ್ತಿದ್ದವು, ಮಾಂತು ಆಗಲೇ ಮೊಬೈಲು ತೆಗೆದಿದ್ದ. ಮೆಟ್ಟಿಲು ಹತ್ತಿ ಬಂದ ಭೀಮವ್ವ ಮಾತ್ರ ಎಡಗಾಲನ್ನು ಎಂದಿಗಿಂತ ಹೆಚ್ಚು ಎಳೆಯುತ್ತಿದ್ದಳು. ಏಳನೇ ಪಟ್ಟಿಯ ಮೇಲೆ ಸಿದ್ದಲಿಂಗಪ್ಪನವರು ನಿಂತುಬಿಟ್ಟರು.

"ನಿನ್ನ ಮೊಣಕಾಲ ಯಾವಾಗಿಂದ ನೋಯಾಕ ಹತ್ತೇದ?"

ಭೀಮವ್ವ ತಿರುಗಲಿಲ್ಲ. ಮೊದಲು ಮೂರು ಪಟ್ಟಿ ಮುಗಿಸಿ ಬರ್ರಿ, ಆಮೇಲೆ ಮಾತು ಎಂದಳು. ಅವರು ಮತ್ತೆ ಅದನ್ನೇ ಕೇಳಿದರು.

"ಹನ್ನೊಂದ ವರ್ಷಾತು."

"ಒಂದ ದಿನಾನೂ ಹೇಳಲಿಲ್ಲಲ್ಲ."

"ಹೇಳೂದೇನ ಬಂತು? ನೀವು ಮುಂದ ಇರತಿದ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ, ಇದ್ದ ಸಂಗತಿ ಹೇಳಿದಳು ಅಷ್ಟೇ. ಸಿದ್ದಲಿಂಗಪ್ಪನವರಿಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಅವಳ ಎಡಗಡೆ ಬಂದು ನಿಂತರು. ಅವಳ ತೋಳಿನ ಕೆಳಗೆ ಕೈ ಹಾಕಿ, ಭಾರ ನನ್ನ ಮೇಲೆ ಹಾಕು ಎಂದರು. ಭೀಮವ್ವ ನಾಚಿಕೆಯಿಂದ ಮಗನ ಕಡೆ ನೋಡಿದಳು, ಆದರೆ ಭಾರ ಹಾಕಿದಳು. ಉಳಿದ ಮೂರು ಮೀಟರನ್ನು ಇಬ್ಬರೂ ಜೊತೆಯಾಗಿ ದಾಟಿದರು.

ಕೈ ಹಿಡಿದದ್ದರಿಂದ ಇದು ಲೆಕ್ಕಕ್ಕೆ ಬರುವುದಿಲ್ಲ, ಈ ಯುಗಾದಿಗೆ ಅಂಗಡಿ ಆಗದು ಎಂದು ನೀತಾ ಅಳುಕುತ್ತಲೇ ಹೇಳಿದಳು. ಬೇಕಾದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನಡೆಯಿರಿ ಎಂದೂ ಅಂದಳು. ಇವಳನ್ನು ಇವತ್ತು ಮತ್ತೆ ನಡೆಸುವುದಿಲ್ಲ, ಇದ್ದದ್ದನ್ನೇ ಬರೆದುಕೊಳ್ಳಿ ಎಂದು ಅವರು ಮರಾಠಿಯಲ್ಲಿ ಹೇಳಿದರು. ಒಂದು ಬೆಲ್ಲದ ಪೆಂಟೆಯ ತೂಕಕ್ಕೆ ಅರ್ಧ ದಿನ ವಾದ ಮಾಡುತ್ತಿದ್ದವರು ಅಂದು ಮೂರು ಮೀಟರನ್ನು ಹಾಗೆಯೇ ಬಿಟ್ಟುಕೊಟ್ಟರು. ವಾಕರ್ ಹಿಡಿದು ಬಾಗಿಲ ಹತ್ತಿರದ ಮೇಜಿಗೆ ಹೋಗಿ, ಮುಂದಿನ ಸೋಮವಾರದ ಪಾಳಿಗೆ ಎರಡು ಹೆಸರು ಬರೆಸಿದರು. ಮೊದಲು ಭೀಮವ್ವನದು, ಅದರ ಕೆಳಗೆ ತಮ್ಮದು.