ಸಿಂಹ ನೋಡಲು ಹೋದ ಆಚಾರಿ

ಶಿವಾರಪಟ್ಟಣದ ವೀರಭದ್ರಾಚಾರಿಗೆ ಐವತ್ತು ತುಂಬುವ ಹೊತ್ತಿಗೆ ಅವನ ಉಳಿಯ ಕೆಳಗೆ ಅರವತ್ತು ಸಿಂಹಗಳಾದರೂ ಹುಟ್ಟಿದ್ದವು. ಗುಂಡು ಕಣ್ಣು, ಉಬ್ಬಿದ ಕೆನ್ನೆ, ಸುರುಳಿ ಸುರುಳಿ ಕೇಸರ. ಅಜ್ಜ ಅಪ್ಪನಿಗೆ, ಅಪ್ಪ ಇವನಿಗೆ ಹೇಳಿಕೊಟ್ಟ ಅಳತೆ ಅದು. ಜೀವಂತ ಸಿಂಹವನ್ನು ಮಾತ್ರ ಮೂವರಲ್ಲಿ ಯಾರೂ ಕಂಡವರಲ್ಲ. ಮಾಲೂರು ಸೀಮೆಗೆ ಸಿಂಹ ಎಲ್ಲಿಂದ ಬರಬೇಕು ಹೇಳಿ! ಚಿರತೆ ಬಂದರೆ ಹೆಚ್ಚು.

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಶ್ರೀನಿವಾಸಪುರದ ಕಡೆಯವರು ಸಿಂಹದ ಮೇಲೆ ಕೂತ ಅಮ್ಮನವರ ವಿಗ್ರಹ ಮಾಡಿಕೊಡಲು ಹೇಳಿ ಹೋಗಿದ್ದರು. ಕೆಲಸ ಮುಕ್ಕಾಲು ಮುಗಿದಿತ್ತು. ಆಗ ವಕ್ಕರಿಸಿದರು ಮಾಲೂರಿನ ಮೇಷ್ಟ್ರು ರಾಮಚಂದ್ರಪ್ಪ. ಮೈಸೂರಿನ ಮೃಗಾಲಯವನ್ನು ಎರಡು ಸಲ ನೋಡಿದವರು, ಅದನ್ನು ಇನ್ನೂರು ಸಲ ಹೇಳಿದವರು. ಕಲ್ಲಿನ ಸುತ್ತ ಒಂದು ಸುತ್ತು ಬಂದು, "ಆಚಾರ್ರೇ, ಸಿಂಹ ಹಿಂಗಿರಲ್ಲ. ನಿಮ್ದು ಹಲ್ಕಿರೀತಾ ಇದೆ" ಅಂದರು. ಅಂದು, ಕೊಟ್ಟ ಮಜ್ಜಿಗೆ ಕುಡಿದು, ತಮ್ಮ ಪಾಡಿಗೆ ಹೊರಟುಹೋದರು, ಪುಣ್ಯಾತ್ಮರು.

ಆಚಾರಿ ಉಳಿ ಕೆಳಗಿಟ್ಟ. ಎಂಟು ದಿನ ಅದನ್ನು ಮುಟ್ಟಲಿಲ್ಲ, ಅನ್ನವೂ ಸೇರಲಿಲ್ಲ. ಅರವತ್ತು ಗುಡಿಗಳಲ್ಲಿ ಜನ ತನ್ನ ಸುಳ್ಳಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಾರಲ್ಲ ಎಂದು ಒಳಗೇ ಕೊರಗಿದ. ಒಂಬತ್ತನೆಯ ದಿನ ಹೆಂಡತಿ ಅನಸೂಯಮ್ಮನನ್ನು ಕರೆದ.

"ಮೈಸೂರಿಗೆ ಹೋಗಿ ಕಣ್ಣಾರೆ ನೋಡ್ಕೊಂಡು ಬರ್ತೀನಿ. ನಂದು ಸುಳ್ಳು ಅಂತಾದ್ರೆ ಇನ್ನು ಉಳಿ ಮುಟ್ಟಲ್ಲ ಕಣೇ."

ಒಬ್ಬನನ್ನೇ ಕಳಿಸುವ ಹೆಂಗಸೇ ಅವಳು? ತಾನೂ ಬರುತ್ತೇನೆಂದಳು. ಅಲ್ಲಿಂದ ಶುರುವಾಯಿತು ನೋಡಿ ಜಗಲಿಯ ಮೇಲೆ ಸಂಜೆ ಸಂಜೆಯೂ ಮೈಸೂರಿನ ಪಂಚಾಯಿತಿ. ಮೈಸೂರು ಕಾಣದವರೇ ಹೆಚ್ಚು ಸಲಹೆ ಕೊಟ್ಟರು. ಮಾಲೂರಿನವರೆಗೆ ಗಾಡಿ, ಅಲ್ಲಿಂದ ಬೆಂಗಳೂರಿಗೆ ರೈಲು, ಮುಂದೆ ಇನ್ನೊಂದು ರೈಲು, ಛತ್ರದಲ್ಲಿ ಒಂದು ರಾತ್ರಿ. ಬೆಳಗಾಗೆದ್ದು ಬೆಟ್ಟ ಹತ್ತಿ ಚಾಮುಂಡಿಯ ದರ್ಶನ, ಇಳಿದು ಬಂದು ಅರಮನೆ, ದಾರಿಯಲ್ಲಿ ಒಂದು ಗಳಿಗೆ ಮೃಗಾಲಯ ಎಂದು ಗೊತ್ತಾಯಿತು. ಮಧ್ಯಾಹ್ನಕ್ಕೆ ಹೋಟೆಲಿನ ಎಲೆಯೂಟ ಸೇರಿಸಿದವಳು ಅನಸೂಯಮ್ಮ. ಮದುವೆಮನೆ ಬಿಟ್ಟರೆ ಇನ್ನೊಬ್ಬರು ಬಡಿಸಿದ್ದನ್ನು ಅವಳು ಕೂತು ಉಂಡದ್ದೇ ಇಲ್ಲ. ಹೊರಗೆ ನೀರೂ ಮುಟ್ಟದ ಆಚಾರಿ ಅದಕ್ಕೂ ತಲೆಯಾಡಿಸಿದ. ಅವನಿಗೆ ಸಿಂಹವೊಂದು ಸಿಕ್ಕರೆ ಸಾಕಾಗಿತ್ತು.

ಮೈಸೂರಿನಲ್ಲಿ ಬೆಳಗಾದದ್ದೇ ತಡ, ಜಗಲಿಯ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಮುಖ ತೊಳೆದವನೇ ಆಚಾರಿ ಮೃಗಾಲಯದ ದಾರಿ ಹಿಡಿದ. ಅನಸೂಯಮ್ಮ ಗೊಣಗುತ್ತಾ ಹಿಂದೆ ಬಂದಳು.

ಸಿಂಹ ಬೆನ್ನು ತಿರುಗಿಸಿ ಮಲಗಿತ್ತು. ಒಂದು ಸಲ ಮಾತ್ರ ಸೋಮಾರಿತನದಿಂದ ತಲೆಯೆತ್ತಿ ಇತ್ತ ನೋಡಿತು. ಉದ್ದ ಮುಖ, ಬತ್ತಿದ ಕೆನ್ನೆ, ಅರೆಮುಚ್ಚಿದ ಕಣ್ಣು. ಆಚಾರಿಗೆ ಮೇಷ್ಟ್ರು ಹೇಳಿದ್ದೇ ನಿಜ ಅನ್ನಿಸಿತು. ಆದರೂ ಅಲ್ಲಿಂದ ಏಳಲು ಮನಸ್ಸಾಗದೆ ಬೋನಿನೆದುರು ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ಬೆಟ್ಟ ಹೋಯಿತು, ಅರಮನೆ ಹೋಯಿತು. ನೆತ್ತಿಯ ಮೇಲಿದ್ದ ಸೂರ್ಯ ವಾಲಿದ. ಅನಸೂಯಮ್ಮನ ತವರು ಪುಂಗನೂರಿನ ಕಡೆ, ರೇಗಿದಾಗ ಬಾಯಿಗೆ ಬರುವುದು ತೆಲುಗೇ. "ಸರಿಪೋಯಿಂದಿ" ಎಂದು ಎಲೆಯೂಟಕ್ಕೂ ಎಳ್ಳುನೀರು ಬಿಟ್ಟು ಗಂಡನ ಪಕ್ಕದಲ್ಲೇ ಕೂತಳು. ಅವನ ಮುಖ ನೋಡಿ ಅವಳಿಗೆ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಆಳೊಬ್ಬ ಮಾಂಸದ ಬಕೀಟು ತಂದ. ಪಕ್ಕದ ಬೋನಿನ ಸಿಂಹ ಗುರುಗುಟ್ಟಿತು. ಇದು ದಿಗ್ಗನೆದ್ದು ಅತ್ತ ತಿರುಗಿ ಗರ್ಜಿಸಿತು. ಕೆನ್ನೆ ಮೇಲಕ್ಕೇರಿ ಉಬ್ಬಿತು, ಕಣ್ಣು ಗುಂಡಗಾಯಿತು, ತುಟಿ ಹಿಂದೆ ಸರಿದು ಕೋರೆಹಲ್ಲು ಕಂಡವು. ಆಚಾರಿ ತನಗೆ ಅರಿವಿಲ್ಲದೆಯೇ ಎದ್ದು ನಿಂತಿದ್ದ. ಹೆಬ್ಬೆರಳು ಗಾಳಿಯಲ್ಲೇ ಅಳತೆ ಹಿಡಿದಿತ್ತು. ಕಣ್ಣಿನಿಂದ ನೀರು ದಳದಳನೆ ಇಳಿಯಿತು.

"ಸುಳ್ಳು ಕೆತ್ತಿಲ್ಲ ಕಣೇ ನಾನು" ಎಂದ. "ನಮ್ಮೋರು ಯಾರೋ ಯಾವ್ದೋ ಕಾಲಕ್ಕೆ ಇದರ ಎದುರಿಗೆ ನಿಂತು ನೋಡಿದಾರೆ."

"ಅದನ್ನ ಹೇಳೋಕೆ ಇಷ್ಟು ದೂರ ಬಂದು ಈ ಪ್ರಾಣೀನ ಕೇಳ್ಬೇಕಿತ್ತಾ? ಮನೇಲಿರೋಳನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು ಅನಸೂಯಮ್ಮ, ಸೆರಗಿನಿಂದ ತನ್ನ ಕಣ್ಣೂ ಒರೆಸಿಕೊಂಡು.

ಹೋಟೆಲಿನಲ್ಲಿ ಊಟ ಮುಗಿದಿತ್ತು, ದೋಸೆ ಇತ್ತು. ಹೆಂಗಸರಿಗೆಂದು ಪರದೆ ಕಟ್ಟಿದ ಕೋಣೆಯಲ್ಲಿ ಎದುರುಬದುರು ಕೂತರು. ಇಷ್ಟು ದಿನದ ಹಸಿವೆಲ್ಲ ಒಟ್ಟಿಗೆ ಬಂದು ಆಚಾರಿ ಮಡಿ ಮೈಲಿಗೆ ಮರೆತು ಎರಡು ದೋಸೆ ತಿಂದ. ಮೂರನೆಯದಕ್ಕೆ ಹೇಳಿ, ನಗುತ್ತಾ ಹೆಂಡತಿಯ ಕಡೆ ತಿರುಗಿದ. ಮೂವತ್ತು ವರ್ಷದಲ್ಲಿ ಒಂದೇ ಒಂದು ವಿಗ್ರಹದ ಬಗ್ಗೆಯೂ ಅವಳನ್ನು ಕೇಳಿರಲಿಲ್ಲ.

"ಸರಿ, ಈಗ ಕೇಳ್ತೀನಿ. ಅಮ್ಮನವರ ವಿಗ್ರಹ ಹೆಂಗಿದೆ?"

"ಸಿಂಹ ಚೆನ್ನಾಗೈತೆ. ಅಮ್ಮನ ಕೈ ಚೆನ್ನಾಗಿಲ್ಲ" ಎಂದಳು ಅವಳು, ದೋಸೆ ಮುರಿಯುತ್ತಾ. "ಎಳೇಮಗೂ ಕೈ ಇದ್ದಂಗೈತೆ. ಲೋಕಾನೇ ಸಾಕೋ ತಾಯಿ ಅಂತೀರ, ಒಂದು ದಿನನಾದ್ರೂ ಕೆಲ್ಸ ಮಾಡಿದ ಕೈಯಾ ಅದು?"

ಮೂರನೆಯ ದೋಸೆ ಬಂತು. ಆಚಾರಿ ಅದನ್ನು ಪಕ್ಕಕ್ಕೆ ಸರಿಸಿದ. ಗಂಟು ಬಿದ್ದ ಬೆರಳು, ಒಲೆಯ ಸುಟ್ಟಗಾಯದ ಕಲೆ, ಸವೆದ ಉಗುರು. ಮೇಜಿನ ಮೇಲಿದ್ದ ಅವಳ ಎಡಗೈಯ ಹತ್ತಿರ ತನ್ನ ಹೆಬ್ಬೆರಳು ತಂದು ಅಳತೆ ಹಿಡಿದ.

"ಅಲ್ಲೇ ಇಡು" ಎಂದ. "ಅಲ್ಲಾಡಿಸ್ಬೇಡ."